ಹಿರಿಸೊಸೆಯ ಪಾಲು

ಎಲ್ಲಿಂದ ಶುರು ಮಾಡಲಿ?

ಹೊಳೆಯಿಂದ ಮಾಡೋಣವೆಂದರೆ, ಅದರ ಹೆಸರು ಹೇಳಿದ ತಕ್ಷಣ ನೀವು ಮೂಗಿಗೆ ಕರ್ಚೀಫು ಹಿಡಿಯುತ್ತೀರಿ. ವೃಷಭಾವತಿ. ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತು: ಕಪ್ಪು ನೀರು, ಬಿಳಿ ನೊರೆ. ಅಲ್ಲಿ ನೀರುನಾಯಿಗಳಿದ್ದವು, ಬೆಸ್ತರು ಬಲೆ ಬೀಸುತ್ತಿದ್ದರು, ಒಬ್ಬ ಬಂದು ಅದನ್ನೆಲ್ಲ ಸಿನಿಮಾ ತೆಗೆದ ಎಂದು ಬರೆದರೆ ಮೊದಲ ಸಾಲಿನಲ್ಲೇ ನನ್ನ ಕೈ ಬಿಡುತ್ತೀರಿ. (ಇದ್ದವೋ ಇಲ್ಲವೋ ನನಗೂ ಗೊತ್ತಿಲ್ಲ. ವಿಚಾರಿಸಲಿಲ್ಲ. ಈ ಕಥೆಯಲ್ಲಿ ಇವೆ.)

ಕ್ಯಾಮೆರಾದವನಿಂದ ಶುರು ಮಾಡಿ ನೋಡಿದೆ. "೧೯೫೫ರ ಶ್ರಾವಣದ ಒಂದು ಬೆಳಿಗ್ಗೆ ಚನ್ನಕೇಶವ ಕೆಂಗೇರಿ ಸ್ಟೇಷನ್ನಿನಲ್ಲಿ ಇಳಿದ, ಒಂದು ಕೈಯಲ್ಲಿ ಕ್ಯಾಮೆರಾದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು." ಸಾಲು ಚೆನ್ನಾಗಿಯೇ ಇತ್ತು. ಆದರೆ ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರೂ ಅವನ ಸುತ್ತ ನಿಂತಿದ್ದರು, ಅವನೊಬ್ಬನೇ ಮಾತಾಡುತ್ತಿದ್ದ. ಕ್ಯಾಮೆರಾ ಹಿಡಿದವರನ್ನು ಮೊದಲು ಒಳಗೆ ಬಿಟ್ಟರೆ ಹೀಗೇ. ಹೊಡೆದುಹಾಕಿದೆ. ಆಮೇಲೆ ಬರಲಿ, ಹಿತ್ತಲ ಬಾಗಿಲಿನಿಂದ.

ಕೊನೆಯಿಂದಲೂ ಶುರು ಮಾಡಬಹುದು. ಕೊನೆಯೊಂದು ಮಾತ್ರ ನನಗೆ ಮೊದಲಿನಿಂದ ಖಚಿತವಾಗಿ ಗೊತ್ತಿದೆ. ಚಿಕ್ಕಣ್ಣ ಮಡುವಿನಲ್ಲಿ ಮುಳುಗಿ ಸಾಯುತ್ತಾನೆ.

ಹೇಳಿಬಿಟ್ಟೆ. ಸಸ್ಪೆನ್ಸ್ ಹೋಯಿತು, ಇರಲಿ. ಇನ್ನು ಉಳಿದಿರುವ ಕೆಲಸ ಒಂದೇ: ಅವನು ನೀರಿಗೆ ಇಳಿಯುವಂತೆ ಮಾಡುವುದು.

೧

ಬೋರಮ್ಮ ಬಾಗಿಲಲ್ಲಿ ಕೂತು ಬಲೆಯ ಹರುಕು ಹೆಣೆಯುತ್ತಿದ್ದಳು.

(ಇದೇ ಸರಿ. ಇಲ್ಲಿಂದ ಹಿಡಿಯೋಣ.)

ಕೆಂಗೇರಿಯ ಬೆಸ್ತರ ಕೇರಿಯಲ್ಲಿ ಹೊಳೆಯ ಕಡೆಗೆ ಕೊನೆಯ ಮನೆ ಅವಳದು. ಮನೆಯಲ್ಲಿ ಮೂವರು: ಅವಳು, ಗಂಡ ಚಿಕ್ಕಣ್ಣ, ಅತ್ತೆ ಅಕ್ಕಯ್ಯಮ್ಮ. ನಾಲ್ಕನೆಯವಳೊಬ್ಬಳಿದ್ದಳು. ಅವಳಿರುತ್ತಿದ್ದುದು ಮನೆಯಲ್ಲಲ್ಲ, ಮಡುವಿನಲ್ಲಿ. ಆದರೂ ದಿನದ ಮೊದಲ ಮೀನು ಅವಳಿಗೇ.

ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆಯೇ ಅತ್ತೆ ಅವಳನ್ನು ಹೊಳೆಗೆ ಕರೆದುಕೊಂಡು ಹೋಗಿ, ಕೈಗೊಂದು ಗೆಂಡೆ ಮೀನು ಕೊಟ್ಟು, ಮಡುವಿನ ಬಾಯಲ್ಲಿದ್ದ ಚಪ್ಪಟೆ ಕಲ್ಲು ತೋರಿಸಿದ್ದಳು.

"ಅಲ್ಲಿಡು. ಇಟ್ಟು ಬೆನ್ನು ತಿರುಗಿಸು. ನೋಡಬ್ಯಾಡ."

"ಯಾರಿಗತ್ತೆ?"

"ನಿಮ್ಮಕ್ಕಂಗೆ. ಈ ಮನೆ ಹಿರಿಸೊಸೆಗೆ."

ಗಂಡಿಗೆ ಮೊದಲೊಬ್ಬ ಹೆಂಡತಿ ಇದ್ದಾಳೆಂದು ಅವಳಪ್ಪ ಹೇಳಿರಲಿಲ್ಲ. ಮೀನಿಟ್ಟು ತಿರುಗಿ ನಿಂತಳು. ಬೆನ್ನ ಹಿಂದೆ ನೀರು ಕಲಕಿತು. ಆಮೇಲೆ ಕಟಕಟ ಮುಳ್ಳು ಮುರಿಯುವ ಸದ್ದು. ಯಾವ ಹೆಂಗಸೂ ಹಸಿ ಮೀನನ್ನು ಹೀಗೆ ತಿನ್ನುವುದಿಲ್ಲವಲ್ಲ ಎಂದು ಅವಳಿಗೆ ಅನ್ನಿಸುವಷ್ಟರಲ್ಲಿ ಅತ್ತೆ ನಕ್ಕುಬಿಟ್ಟಿದ್ದಳು.

"ನೀರುನಾಯಿ ಕಣೇ, ಹುಚ್ಚಿ!"

ಅಕ್ಕಯ್ಯಮ್ಮನ ಅತ್ತೆಯ ಅತ್ತೆಯ ಕಾಲದಲ್ಲಿ ಈ ಮನೆಯ ಹಿರಿಸೊಸೆಯೊಬ್ಬಳು ಬಿದಿರಿನ ಕೂಳಿ ಹಿಡಿದು ಮೀನಿಗೆಂದು ಮಡುವಿಗೆ ಇಳಿದಳಂತೆ, ಮೇಲೆ ಬರಲಿಲ್ಲವಂತೆ. ಮಾರನೆಯ ದಿನದಿಂದ ಅಲ್ಲಿ ನೀರುನಾಯಿ ಕಾಣಿಸಿಕೊಂಡಿತು. ಬೆಳಕು ಹರಿಯುವ ಹೊತ್ತಿಗೆ ಅದು ಮರಿಗಳ ಜೊತೆ ಮಡುವಿನ ಮೀನನ್ನೆಲ್ಲ ಆಳವಿಲ್ಲದ ನೀರಿಗೆ ಅಟ್ಟಿಕೊಂಡು ಬರುತ್ತದೆ. ಅಲ್ಲಿ ನಿಂತವನು ಬಲೆ ಬೀಸಿದರೆ ಸಾಕು. ಅಟ್ಟಿ ತಂದವಳಿಗೆ ಮೊದಲ ಪಾಲು. ಮತ್ತೆ, ಉಣ್ಣುವವರ ಬಾಯಿ ನೋಡಬಾರದು, ದೃಷ್ಟಿಯಾಗುತ್ತದೆ. ಅದು ನರಮನುಷ್ಯರಿಗೂ ಅಷ್ಟೇ, ನೀರುನಾಯಿಗೂ ಅಷ್ಟೇ.

ಹೀಗೆ ಬೋರಮ್ಮ ಆ ಮನೆಗೆ ಕಿರಿಸೊಸೆಯಾಗಿ ಬಂದಳು. ಆರು ವರ್ಷವಾದರೂ ಕಿರಿಸೊಸೆಯೇ. ನೀರಿಗೆ ಹೋದರೆ ಕೇರಿಯ ಹೆಂಗಸರು ಬಿಡುತ್ತಿರಲಿಲ್ಲ. "ಏನೇ ಬೋರಿ, ನಿಮ್ಮಕ್ಕ ಚೆನ್ನಾಗವ್ಳಾ? ಬಾಣಂತನ ಆಯ್ತಾ?" ಅವಳೂ ನಗುತ್ತಿದ್ದಳು. ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು. ಮೀಸೆಯಿರುವ ಇದರ ಜೊತೆ ಏನು ಜಗಳ?

ಚಿಕ್ಕಣ್ಣ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ಬಟ್ಟಲಿಗೆ ಮುದ್ದೆ ಹಾಕಿ ಮೀನಿನ ಸಾರು ಬಿಟ್ಟರೆ, ಒಂದು ತುತ್ತು ನುಂಗಿ "ಉಪ್ಪು ಕಮ್ಮಿ" ಅನ್ನುತ್ತಿದ್ದ, ಇಲ್ಲವೇ "ಉಪ್ಪು ಜಾಸ್ತಿ" ಅನ್ನುತ್ತಿದ್ದ. ಎರಡೂ ಅಲ್ಲದ ದಿನ ಸುಮ್ಮನೆ ಉಂಡು, ಕೈ ತೊಳೆದು, ಹೊರಗೆ ಹೋಗಿ ಕೂರುತ್ತಿದ್ದ. ಆಮೇಲೆ ಅತ್ತೆ ಉಣ್ಣುತ್ತಿದ್ದಳು. ಕಡೆಗೆ ಬೋರಮ್ಮ.

(ಈ ಪ್ಯಾರಾವನ್ನು ನಾನು ಏಳು ಸಲ ಬರೆದಿದ್ದೇನೆ. ಪ್ರತಿ ಸಲವೂ ಅವನು ಉಪ್ಪಿನ ಮಾತಾಡುವ ಜಾಗಕ್ಕೆ ಬಂದು ಪೆನ್ನು ಇಟ್ಟು ಏಳುತ್ತೇನೆ. ಅವಳಿಗೆ ಇದು ದೂರು. ದೂರು ಹೇಳುವಷ್ಟು ಶ್ರೀಮಂತೆ ಅವಳು.)

೨

ಈಗ ಚನ್ನಕೇಶವ ಬರಬಹುದು.

ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಮನೆ, ಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ. ಶಾಲೆಯ ಮಕ್ಕಳಿಗೆ ತೋರಿಸಲು 'ಮನುಷ್ಯ ಮತ್ತು ಪ್ರಾಣಿ' ಎಂದು ಒಂದು ಸಣ್ಣ ಚಿತ್ರ ಮಾಡುವ ಅವಕಾಶ ಅವನಿಗೆ ಸಿಕ್ಕಿತ್ತು. ನೀರುನಾಯಿಯೂ ಬೆಸ್ತರೂ ಕೂಡಿ ಮೀನು ಹಿಡಿಯುವ ಸುದ್ದಿ ಯಾರಿಂದಲೋ ಅವನ ಕಿವಿಗೆ ಬಿದ್ದಿತ್ತು. (ಯಾರಿಂದ? ನನ್ನಿಂದಲೇ. ಇನ್ಯಾರಿದ್ದಾರೆ ಇಲ್ಲಿ?)

ಬಂದವನು ನೇರ ವಿಷಯಕ್ಕೆ ಬಂದ. ನೀರುನಾಯಿ ಕಲ್ಲಿನ ಮೇಲೆ ಕೂತು ಮೀನು ತಿನ್ನುವುದನ್ನು ತೆಗೆಯಬೇಕು.

"ಆಗಕಿಲ್ಲ," ಎಂದಳು ಅಕ್ಕಯ್ಯಮ್ಮ. "ಉಣ್ಣೋರನ್ನ ನೋಡಬಾರದು."

"ನಾನು ನೋಡಲ್ಲ ಅಜ್ಜಿ. ಕ್ಯಾಮೆರಾ ನೋಡುತ್ತೆ."

"ಅದರ ಕಣ್ಣು ಎಂತದ್ದು?"

"ಗಾಜಿನದು."

"ರೆಪ್ಪೆ ಐತಾ?"

ಚನ್ನಕೇಶವ ಕ್ಯಾಮೆರಾವನ್ನು ಒಮ್ಮೆ ತಿರುಗಿಸಿ ನೋಡಿದ, ಇದ್ದರೂ ಇರಬಹುದೇನೋ ಎಂಬಂತೆ. "ಇಲ್ಲ ಅಜ್ಜಿ."

"ರೆಪ್ಪೆ ಇಲ್ಲದ ಕಣ್ಣು ಒಳ್ಳೇದಲ್ಲ ಕಣಪ್ಪ. ಮುಚ್ಚೋದು ಗೊತ್ತಿಲ್ಲದ ಕಣ್ಣು, ನೋಡೋದು ತಾನೇ ಏನು ಗೊತ್ತಿರ್ತದೆ?"

ಎರಡು ದಿನ ಅವನು ಅವಳ ಹಿಂದೆಯೇ ತಿರುಗಿದ. ಅವಳು ಮೀನು ಮಾರಲು ಪೇಟೆಗೆ ಹೋದರೆ ಬುಟ್ಟಿಗೆ ಕೈ ಕೊಟ್ಟ. ಕಡೆಗೆ ಚಿಕ್ಕಣ್ಣನೇ, "ಹೋಗ್ಲಿ ಬಿಡವ್ವ. ಅವಳ ಚೆಂದ ನಾಲ್ಕು ಮಕ್ಕಳು ನೋಡ್ಲಿ," ಅಂದುಬಿಟ್ಟ.

ಬಾಗಿಲಲ್ಲಿ ಬಲೆ ಹೆಣೆಯುತ್ತಿದ್ದ ಬೋರಮ್ಮನ ಕಡ್ಡಿ ನಿಂತಿತು. ಅವಳ ಚೆಂದ. ಆ ಬಾಯಲ್ಲಿ ಚೆಂದ ಎಂಬ ಮಾತು ಇತ್ತೆಂದೇ ಅವಳಿಗೆ ಗೊತ್ತಿರಲಿಲ್ಲ.

೨ (ಮತ್ತೆ)

ಇಲ್ಲಿ ಚಿತ್ರೀಕರಣದ ವಿವರ ಮೂರು ಪುಟ ಬರೆದಿದ್ದೆ. ಕೀಲಿ ಕೊಟ್ಟರೆ ಅರ್ಧ ನಿಮಿಷ ಓಡಿ ನಿಲ್ಲುವ ಕ್ಯಾಮೆರಾ, ದಡದ ಲಕ್ಕಿ ಪೊದೆಯಲ್ಲಿ ಹೊಟ್ಟೆಯ ಮೇಲೆ ಮಲಗಿದ ಚನ್ನಕೇಶವ, ಅವನ ಬೂಟಿನೊಳಗೆ ಹೊಕ್ಕ ಏಡಿ. ಏಡಿ ನನಗೆ ಇಷ್ಟವಾಗಿತ್ತು. ಹರಿದು ಹಾಕಿದೆ. ಕಥೆಗೆ ಬೇಕಾದ್ದು ಎರಡೇ.

ಒಂದು. ಬೆಳಿಗ್ಗೆ ಬೋರಮ್ಮ ಪಾತ್ರೆ ಬೆಳಗಲು ಹೊಳೆಗೆ ಬಂದಾಗಲೆಲ್ಲ ಪೊದೆಯೊಳಗಿನಿಂದ ಮೆತ್ತಗೆ ಒಂದು ದನಿ ಬರುತ್ತಿತ್ತು: "ಅಮ್ಮ, ಸ್ವಲ್ಪ ಆ ಕಡೆ ಹೋಗ್ತೀರಾ? ಫ್ರೇಮಿನಲ್ಲಿ ಬರ್ತಾ ಇದೀರಿ." ಅವಳು ಸರಿಯುತ್ತಿದ್ದಳು. ಸರಿದು ಸರಿದು ಒಂದು ದಿನ ಅತ್ತಿಮರದ ಹಿಂದೆ ನಿಂತಿದ್ದಳು. ಚಿಕ್ಕಣ್ಣ ಬೀಸುತ್ತಿದ್ದ ಬಲೆಯ ಒಂದೊಂದು ಕಣ್ಣೂ ಅವಳ ಕೈಯದು. ಚಿತ್ರದಲ್ಲಿ ಬಲೆ ಇತ್ತು, ಗಂಡ ಇದ್ದ, ಹಿರಿಸೊಸೆ ಇದ್ದಳು.

ಎರಡು. ಒಂದು ದಿನ ಚನ್ನಕೇಶವನಿಗೆ ಅವಳ ಮುಖ ನೋಡಿ ಏನನ್ನಿಸಿತೋ, "ಬನ್ನಿ, ನೀವೂ ಒಂದ್ಸಲ ನೋಡಿ," ಎಂದು ಕರೆದ. ಬೋರಮ್ಮ ಮೊಣಕಾಲೂರಿ ಆ ಸಣ್ಣ ತೂತಿಗೆ ಕಣ್ಣಿಟ್ಟಳು. ಹೊಳೆ ಹತ್ತಿರ ಬಂದಿತು. ಚಿಕ್ಕಣ್ಣ ಕಲ್ಲಿನ ಮೇಲೆ ಮೀನಿಟ್ಟು ತಿರುಗಿ ನಿಂತಿದ್ದ. ಬೆನ್ನು ಕಲ್ಲಿಗೆ, ಮುಖ ಇವಳ ಕಡೆಗೆ. ಅವನ ಹಿಂದೆ ಕಂದು ಬಣ್ಣದ ಒದ್ದೆ ತಲೆಯೊಂದು ಮೇಲೆದ್ದು, ಕಲ್ಲಿಗೆ ಹತ್ತಿ, ಎರಡು ಕೈಯಲ್ಲಿ ಮೀನು ಹಿಡಿದು ತಿನ್ನತೊಡಗಿತು.

ಬೋರಮ್ಮ ಅದನ್ನು ನೋಡಲಿಲ್ಲ. ಅವಳು ಗಂಡನ ಮುಖ ನೋಡಿದಳು.

ಅವನು ಕೇಳಿಸಿಕೊಳ್ಳುತ್ತಿದ್ದ. ಬೆನ್ನ ಹಿಂದೆ ಮುಳ್ಳು ಮುರಿಯುವ ಸದ್ದು ಕೇಳುತ್ತ ಅವನ ಮುಖ ಸಡಿಲವಾಯಿತು. ಕಣ್ಣು ಅರ್ಧ ಮುಚ್ಚಿದವು. ತುಟಿಯ ಒಂದು ಮೂಲೆ ಮೇಲೆದ್ದಿತು. ತನಗೆ ಬೇಕಾದವರು ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ ಎಂದು ಗೊತ್ತಾದವನ ಮುಖ ಅದು.

ಅವಳು ಉಣ್ಣುವಾಗ ಅವನು ಎಲ್ಲಿರುತ್ತಾನೆ? ಹೊರಗೆ. ಅವಳು ಉಣ್ಣುವ ಸದ್ದು ಅವನ ಕಿವಿಗೆ ಬಿದ್ದಿದೆಯೇ? ಆರು ವರ್ಷದಲ್ಲಿ ಒಂದು ಸಲ?

ಕೀಲಿ ಮುಗಿದು ಕ್ಯಾಮೆರಾ ನಿಂತಿತು. ಬೋರಮ್ಮ ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು, "ಚೆನ್ನಾಗವ್ಳೆ," ಎಂದು ಹೇಳಿ ಪಾತ್ರೆ ಎತ್ತಿಕೊಂಡು ಹೋದಳು.

೩

ಮಾರನೆಯ ಬೆಳಿಗ್ಗೆ ಅವಳು ಕದ್ದಳು.

ಕಷ್ಟದ ಕೆಲಸವೇನಲ್ಲ. ಚಿಕ್ಕಣ್ಣ ಮೀನಿಟ್ಟು ಬೆನ್ನು ತಿರುಗಿಸಿದ. ಪೊದೆಯಲ್ಲಿ ಚನ್ನಕೇಶವ ತಲೆ ತಗ್ಗಿಸಿ ರೀಲು ಬದಲಾಯಿಸುತ್ತಿದ್ದ. ಕಲ್ಲಿನ ಪಕ್ಕದಲ್ಲೇ ಪಾತ್ರೆ ಬೆಳಗುತ್ತಿದ್ದ ಬೋರಮ್ಮ ಕೈ ಚಾಚಿ ಗೆಂಡೆಯನ್ನು ಎತ್ತಿ ಮಡಿಕೆಯೊಳಗೆ ಹಾಕಿ ಮೇಲೆ ಬೂದಿಯ ಬಟ್ಟೆ ಮುಚ್ಚಿದಳು. ಅತ್ತೆ ಪೇಟೆಗೆ ಹೋಗಿದ್ದಳು. ಮನೆಗೆ ಬಂದು ಹುಣಸೆಹಣ್ಣು ಕಿವುಚಿ, ಖಾರ ಅರೆದು, ಸಾರು ಮಾಡಿ, ಯಾರಿಗೂ ಬಡಿಸದೆ ಮೊದಲು ತಾನೇ ಉಂಡಳು. ಹೊಸ್ತಿಲಿಗೆ ಬೆನ್ನು ಹಾಕಿ, ಒಲೆಯ ಮುಂದೆ ಕೂತು. ಬೇಕೆಂದೇ ಮುಳ್ಳು ಕಟಕಟ ಕಡಿದಳು.

"ಎದುರಿಗೆ ಕೇಳುವವರಿಲ್ಲದೆ ಅವಳಿಗೆ ರುಚಿಯೇ ತಿಳಿಯಲಿಲ್ಲ" ಎಂದು ಬರೆದೆ. ಬೋರಮ್ಮ ತಕ್ಷಣ ತಡೆದಳು.

"ರುಚಿಯಾಗೇ ಇತ್ತು ಕಣವ್ವ. ಯಾಕೆ ಸುಳ್ಳು ಬರೀತೀರಾ?"

(ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಆಗಲೇ ಕಥೆಯನ್ನು ಮುಚ್ಚಿಡಬೇಕಿತ್ತು.)

ಕಲ್ಲು ಅಂದು ಖಾಲಿ. ಹಿರಿಸೊಸೆ ಬಂದಳು, ಕಲ್ಲು ಮೂಸಿದಳು, ಒಮ್ಮೆ ಸೀಟಿಯಂತೆ ಕೂಗಿ ಮುಳುಗಿದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಡುವಿನಿಂದ ಮೀನನ್ನು ಅಟ್ಟುವವರಿಲ್ಲದೆ ಬಲೆಗೆ ಎಲೆ, ಕಡ್ಡಿ, ಎರಡು ಏಡಿ ಬಂದವು. ಕೇರಿಯಲ್ಲಿ ಉಳಿದವರ ಬಲೆಯೂ ಹಾಗೇ.

"ನಾನು ಹೇಳಿರಲಿಲ್ವಾ?" ಎಂದಳು ಅಕ್ಕಯ್ಯಮ್ಮ. "ರೆಪ್ಪೆ ಇಲ್ಲದ ಕಣ್ಣು!"

ಚನ್ನಕೇಶವ ತಲೆ ತಗ್ಗಿಸಿದ. ಅವನ ಹತ್ತಿರ ಒಂದೇ ರೀಲು ಉಳಿದಿತ್ತು. ತಪ್ಪು ತನ್ನದೇ ಎಂದು ನಂಬಿದ್ದ. ಚಿಕ್ಕಣ್ಣ ಇನ್ನೂ ಗಟ್ಟಿಯಾಗಿ ನಂಬಿದ್ದ: ಒಪ್ಪಿಗೆ ಕೊಟ್ಟವನು ತಾನು. ಅವನು ಉಣ್ಣುವುದು ಬಿಟ್ಟ. ಉಪ್ಪಿನ ಮಾತೂ ಬಿಟ್ಟ. ಬೋರಮ್ಮ ಒಂದು ಮಾತೂ ಆಡಲಿಲ್ಲ.

ನಾಲ್ಕನೆಯ ದಿನ ಮೇಲಿನಿಂದ ಮಳೆನೀರು ಇಳಿದು ಹೊಳೆ ಕೆಂಪಗೆ ಏರಿತ್ತು. ನೀರುನಾಯಿಯ ಬಿಲ ಮಡುವಿನ ಆಚೆ ದಡದಲ್ಲಿ, ಹಳೆಯ ಹೊಂಗೆಯ ಬೇರಿನಡಿ. ಚಿಕ್ಕಣ್ಣ ತಡಕಾಡಿ ಒಂದೇ ಒಂದು ಗೆಂಡೆ ಹಿಡಿದ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡ.

"ಅವಳ ಬಾಗಿಲಿಗೇ ಹೋಗಿ ಇಟ್ಟು ಬತ್ತೀನಿ," ಎಂದ. "ತಪ್ಪಾಯ್ತು ಅಂತ ಕೇಳ್ಕೊತೀನಿ."

"ಈ ನೀರಲ್ಲಾ?" ಎಂದಳು ಅಕ್ಕಯ್ಯಮ್ಮ.

ಅವನಾಗಲೇ ಮೊಣಕಾಲುದ್ದ ನೀರಿನಲ್ಲಿದ್ದ.

೪

ಬಂದೆವು. ಇದೇ ಜಾಗ. ನಾನು ಆರಾಮವಾಗಿ ಕೂತು ಪೆನ್ನು ಹಿಡಿದೆ. ಎದೆಯುದ್ದ ನೀರು. ಮುಂದೆ ಕುತ್ತಿಗೆ, ಆಮೇಲೆ ನಡುಮಡುವಿನ ಸುಳಿ. ದಡದಲ್ಲಿ ಹೆಂಡತಿ. ಮುಂದಿನ ಸಾಲು ಆರು ತಿಂಗಳಿನಿಂದ ಸಿದ್ಧವಿದೆ.

"ನಿಲ್ಸಿ," ಎಂದಳು ಬೋರಮ್ಮ.

ನಾನು ತಲೆಯೆತ್ತಲಿಲ್ಲ.

"ನಿಮಗೇ ಹೇಳ್ತಿರೋದು ತಾಯಿ. ನಾನು ತಿಂದೆ ಅಂತ ಅವನಿಗೆ ಹೇಳಿದ್ರೆ ಅವನು ಯಾಕೆ ನೀರಿಗಿಳೀತಾನೆ? ಮೂರು ದಿನದಿಂದ ಬಾಯಿ ತೆಗೀತಿವ್ನಿ, ಮಾತೇ ಬರಾಕಿಲ್ಲ. ಏನಪ್ಪ ಅಂತ ನೋಡಿದ್ರೆ, ನೀವು ಬರೆದೇ ಇಲ್ಲ!"

ಸಿಕ್ಕಿಬಿದ್ದೆ. ಮೇಲಿನ ಸಾಲು ನೋಡಿ. 'ಬೋರಮ್ಮ ಒಂದು ಮಾತೂ ಆಡಲಿಲ್ಲ.' ಅವಳು ಆಡಲಿಲ್ಲವೆಂದಲ್ಲ. ನಾನು ಕೊಡಲಿಲ್ಲ.

"ನಾಚಿಕೆಯಿಂದ ಸುಮ್ಮನಿದ್ದೀಯ ಅಂತ ಓದುಗರು ತಿಳಿದುಕೊಳ್ಳುತ್ತಾರೆ," ಎಂದೆ.

"ನನಗೆಂತ ನಾಚಿಕೆ? ಒಂದು ಮಾತು ಕೊಡಿ ಸಾಕು. ಉದ್ದ ಬ್ಯಾಡ."

"ಅವನು ಸಾಯಬೇಕು ಬೋರಮ್ಮ. ಕಥೆಗೆ ಬೇಕು."

"ಕಥೆಗೋ ನಿಮಗೋ?"

ನಾನು ಬೇರೆ ಅಂತ್ಯಗಳನ್ನು ತೋರಿಸಿದೆ. ಒಂದರಲ್ಲಿ ಅವನು ಬದುಕುತ್ತಾನೆ, ಚಿತ್ರಕ್ಕೆ ದೆಹಲಿಯಲ್ಲಿ ಬಹುಮಾನ ಬರುತ್ತದೆ, ಎಲ್ಲರೂ ಒಂದು ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತಾರೆ. "ಅದರಾಗೆ ನಾನು ಎಲ್ಲಿ ನಿಂತಿರ್ತೀನಿ? ಅತ್ತಿಮರದ ಹಿಂದಾ?" ಎಂದಳು. ಇನ್ನೊಂದರಲ್ಲಿ ಮುಳುಗುತ್ತಿರುವವನನ್ನು ನೀರುನಾಯಿಯೇ ದಡಕ್ಕೆ ಎಳೆದು ತರುತ್ತದೆ. ಬೋರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅದಕ್ಕೆ ಮರಿಗಳವೆ, ಬದುಕೈತೆ. ಅಷ್ಟು ಪುರಸೊತ್ತು ಎಲ್ಲಿ?"

ಮೂರನೆಯದು ನನ್ನದು. ಅದನ್ನು ಅವಳಿಗೆ ತೋರಿಸಲಿಲ್ಲ. ಅದರಲ್ಲಿ ದಡಕ್ಕೆ ಸೊಂಟದ ಬಟ್ಟೆ ಮಾತ್ರ ಬರುತ್ತದೆ, ಒಳಗೆ ಮೀನು ಹಾಗೇ ಇರುತ್ತದೆ. ಅವಳು ಓದಿದ್ದಳು. ನನ್ನ ತಲೆಯೊಳಗೇ ಇರುವವಳಿಗೆ ಏನು ಮುಚ್ಚಿಡುವುದು?

"ನಿಮ್ಮನೇಲಿ ಯಾರು ಹೋಗಿದ್ದು?" ಎಂದು ಕೇಳಿದಳು.

ಆಗಲೇ ಹೇಳಬೇಕಿತ್ತು, ಹೇಳಿರಲಿಲ್ಲ. ನಮ್ಮ ಮನೆಯಲ್ಲೂ ಒಬ್ಬರು ಉಪ್ಪಿನ ವಿಷಯ ಹೇಳುತ್ತಿದ್ದರು. ಒಂದು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಫೋನ್ ಮಾಡಿ, ಪಲ್ಯಕ್ಕೆ ಉಪ್ಪೇ ಹಾಕಿಲ್ಲ ಕಣೇ ಎಂದು ನಕ್ಕರು. ನಾನು ಸಿಡುಕಿದೆ. ಸಂಜೆ ಅವರ ಬದಲು ಅವರ ಊಟದ ಡಬ್ಬಿ ಮನೆಗೆ ಬಂತು. ಯಾರೋ ಪುಣ್ಯಾತ್ಮರು ತೊಳೆದು ಕಳಿಸಿದ್ದರು. ಪಲ್ಯ ಪೂರ್ತಿ ತಿಂದಿದ್ದರೋ ಬಿಟ್ಟಿದ್ದರೋ ತಿಳಿಯಲು ದಾರಿಯಿಲ್ಲ.

ಇಷ್ಟೇ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಬೋರಮ್ಮ ಅಯ್ಯೋ ಪಾಪ ಅನ್ನಲಿಲ್ಲ. ಅಂದಿದ್ದರೆ ಚಿಕ್ಕಣ್ಣನನ್ನು ಅಲ್ಲೇ ಮುಳುಗಿಸಿಬಿಡುತ್ತಿದ್ದೆ.

"ನಾನು ಹೊಟ್ಟೆಕಿಚ್ಚಿಗೆ ಒಂದು ಮೀನು ಕದ್ದೆ," ಎಂದಳು. "ನಿಮ್ಮ ಹೊಟ್ಟೆಕಿಚ್ಚಿಗೆ ಒಂದಾಳೇ ಬೇಕಾ?"

"ನಿನಗೆ ಅವನಿದ್ದಾನೆ. ಇದ್ದೂ ದೂರುತ್ತೀಯ."

"ದೂರ್ತೀನಿ. ಇರೋ ಗಂಡನ್ನ ದೂರದೆ ಇನ್ಯಾರನ್ನ ದೂರಲಿ? ನೀವೂ ಸಿಡುಕಿದ್ರಲ್ಲ!"

ಒಂದು ಪಾತ್ರ ಲೇಖಕಿಯೊಡನೆ ಹೀಗೆ ಮಾತಾಡುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಎಂ.ಎ.ಯಲ್ಲಿ ನನಗೆ ಹೇಳಿಕೊಟ್ಟವರು, ಪಾತ್ರಗಳು ತಮ್ಮಷ್ಟಕ್ಕೆ ತಾವೇ ಬೆಳೆಯಬೇಕು ಅಂದಿದ್ದರು. ಬೆಳೆದು ಬಂದು ಎದುರಿಗೆ ನಿಂತರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

"ಹೊತ್ತಾಯ್ತದೆ ತಾಯಿ," ಎಂದಳು. "ಎದೆಮಟ್ಟ ನೀರಲ್ಲಿ ನಿಲ್ಸಿಬಿಟ್ಟು ಬಂದಿದೀರಾ. ಚಳಿ ಐತೆ. ಒಂದೇ ಮಾತು."

ಸಿದ್ಧವಿದ್ದ ಸಾಲನ್ನು ಓದಿದೆ. ಒಳ್ಳೆಯ ಸಾಲು, ಇಂಥದ್ದು ಮತ್ತೆ ಬರೆಯಲಾರೆ.

ಅದರ ಮೇಲೆ ಗೆರೆ ಎಳೆದು, ಅವಳಿಗೆ ಮಾತು ಕೊಟ್ಟೆ.

೪ (ಮತ್ತೆ)

"ನಾನೇ ತಿಂದೆ ಕಣಯ್ಯಾ!"

ಹೊಳೆಯ ಸದ್ದಿನಲ್ಲಿ ಚಿಕ್ಕಣ್ಣನಿಗೆ ಕೇಳಿಸಲಿಲ್ಲ. ಎದೆಯುದ್ದ ನೀರಿನಲ್ಲಿ ಕಾಲೂರಿ ತಿರುಗಿದ. "ಏನೂ?"

"ಮೀನು! ಅವಳ ಪಾಲು! ಕಲ್ಲ ಮೇಲಿಂದ ಎತ್ಕೊಂಡೋಗಿ ಸಾರು ಮಾಡ್ಕೊಂಡು ನಾನೇ ತಿಂದೆ! ಕ್ಯಾಮೆರಾನೂ ಇಲ್ಲ, ಕಣ್ಣೂ ಇಲ್ಲ! ವಾಪಸ್ ಬಾ!"

ಅಕ್ಕಯ್ಯಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಚನ್ನಕೇಶವ ಪೊದೆಯಿಂದ ಎದ್ದು ನಿಂತ. ಚಿಕ್ಕಣ್ಣ ನೀರಿನಲ್ಲಿ ಅಲುಗಾಡದೆ ನಿಂತಿದ್ದ. ಕೆಂಪು ನೀರು ಅವನನ್ನು ಎರಡಾಗಿ ಸೀಳಿಕೊಂಡು ಹೋಗುತ್ತಿತ್ತು. ಬೋರಮ್ಮನಿಗೆ ಅವನ ಮುಖ ಕಾಣುತ್ತಿತ್ತು. ಸಿಟ್ಟು ಬರಬಹುದೆಂದು ಕಾದಳು.

"ಒಬ್ಳೇ?" ಎಂದು ಕೂಗಿದ.

"ಹೂಂ!"

"ಪೂರ್ತಿ?"

"ತಲೆನೂ ಬಿಡಲಿಲ್ಲ!"

ಅವನು ಸ್ವಲ್ಪ ಯೋಚಿಸಿದ. ಆಮೇಲೆ, ನನಗೂ ಹೇಳದೆ, ನಾನು ಬರೆಯುವುದಕ್ಕೂ ಮೊದಲೇ, ಕೇಳಿಬಿಟ್ಟ:

"ಉಪ್ಪು?"

"ಸರಿಯಾಗಿತ್ತು!" ಎಂದು ಕೂಗಿದಳು ಬೋರಮ್ಮ. ಕೂಗುತ್ತ ಅತ್ತಳು. "ನಾನು ಹಾಕಿ ನಾನೇ ತಿಂದ ಮೇಲೆ ಸರಿಯಾಗೇ ಇರ್ತದೆ!"

ಅವನ ತುಟಿಯ ಒಂದು ಮೂಲೆ ಮೇಲೆದ್ದಿದ್ದು ಅವಳಿಗೆ ಕಂಡಿತು. ಅಷ್ಟು ದೂರದಿಂದ, ಯಾವ ತೂತಿಗೂ ಕಣ್ಣಿಡದೆ.

ಅವನು ಸೊಂಟದ ಬಟ್ಟೆ ಬಿಚ್ಚಿ ಮೀನನ್ನು ದಡಕ್ಕೆ ಎಸೆದ. ಅದು ಅವಳ ಕಾಲ ಬಳಿ ಬಿತ್ತು.

"ಹಂಗಾದ್ರೆ ಪಾಲು ನೀನೇ ಇಡು. ನಿಮ್ಮಕ್ಕಂಗೆ ನೀನೇ ಹೇಳು."

ಬೋರಮ್ಮ ಮೀನನ್ನು ತೊಳೆದು ಕಲ್ಲಿನ ಮೇಲಿಟ್ಟಳು. "ತಗೋ ಅಕ್ಕ," ಎಂದಳು. ಇನ್ನೇನೋ ಮೆತ್ತಗೆ ಹೇಳಿದಳು. ಅದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಬರೆಯುತ್ತಿರಲಿಲ್ಲ. ಅದು ಅವರಿಬ್ಬರ ವಿಷಯ.

ಆಮೇಲೆ ಬೆನ್ನು ತಿರುಗಿಸಿದಳು.

ತಿರುಗಿಸಿದ ಮೇಲೆ ಅವಳಿಗೆ ಹೊಳೆಯಿತು, ನನಗೂ ಆಗಲೇ ಹೊಳೆದದ್ದು: ಕಲ್ಲು ಇರುವುದೂ ಬೆನ್ನ ಹಿಂದೆ, ಮಡು ಇರುವುದೂ ಬೆನ್ನ ಹಿಂದೆ. ಚಿಕ್ಕಣ್ಣ ಇನ್ನೂ ನೀರಿನಲ್ಲೇ ಇದ್ದ. ಹೊಳೆ ಇನ್ನೂ ಏರುತ್ತಿತ್ತು. ಅದನ್ನು ಏರಿಸಿದವಳು ನಾನೇ, ಇಳಿಸುವುದನ್ನು ಮರೆತಿದ್ದೆ.

ಚನ್ನಕೇಶವ ಕೊನೆಯ ರೀಲಿಗೆ ಕೀಲಿ ಕೊಟ್ಟು ಕ್ಯಾಮೆರಾವನ್ನು ಕಲ್ಲಿನತ್ತ ತಿರುಗಿಸಿದ. ಅಕ್ಕಯ್ಯಮ್ಮ ಬಂದು ಅದರ ಮುಂದೆ ನಿಂತು, ತನ್ನ ಸೆರಗಿನ ತುದಿಯನ್ನು ಅದರ ಗಾಜಿಗೆ ಹೊದಿಸಿ ಗಂಟು ಹಾಕಿದಳು.

"ತಗೋ," ಎಂದಳು. "ರೆಪ್ಪೆ."

ಚನ್ನಕೇಶವನೂ ಊರ ಕಡೆಗೆ ತಿರುಗಿ ನಿಂತ. ಕ್ಯಾಮೆರಾಕ್ಕೆ ಕಟ್ಟಿದ ಸೆರಗಿನೊಡನೆಯೇ ಅಕ್ಕಯ್ಯಮ್ಮನೂ ಹೊಳೆಗೆ ಬೆನ್ನು ಹಾಕಿದಳು. ಸೆರಗಿನೊಳಗೆ ಕ್ಯಾಮೆರಾ ಅರ್ಧ ನಿಮಿಷ ಗುರ್ರೆಂದು ಓಡಿ ನಿಂತಿತು.

*

ನೀವು ಕಾಯುತ್ತಿದ್ದೀರಿ, ಗೊತ್ತು. ನನ್ನ ಹತ್ತಿರ ಎರಡು ಸಾಲುಗಳಿವೆ. ಒಂದರಲ್ಲಿ ಅವನು ಮೈಯಿಂದ ನೀರಿಳಿಸಿಕೊಂಡು ದಡ ಹತ್ತಿ ಬರುತ್ತಾನೆ. ಇನ್ನೊಂದರ ಮೇಲೆ ಗೆರೆ ಎಳೆದಿದ್ದೇನೆ, ಆದರೆ ಗೆರೆಯ ಕೆಳಗಿನ ಅಕ್ಷರ ಓದಲು ಬರುತ್ತದೆ. ಒಂದನ್ನು ಬರೆದರೆ ನನಗೆ ಅವಳನ್ನು ಕಂಡು ಹೊಟ್ಟೆ ಉರಿಯುತ್ತದೆ. ಇನ್ನೊಂದನ್ನು ಬರೆದರೆ ಉರಿಯುವುದಿಲ್ಲ. ಅದಕ್ಕೇ ಎರಡನ್ನೂ ನಂಬಲಾರೆ.

ಆದ್ದರಿಂದ ನಾನೂ ತಿರುಗಿ ನಿಂತಿದ್ದೇನೆ. ಎದುರಿಗೆ ನನ್ನ ಅಡುಗೆಮನೆ, ಶೆಲ್ಫಿನಲ್ಲಿ ಮೂರು ಅಂತಸ್ತಿನ ಊಟದ ಡಬ್ಬಿ. ನೀವೂ ತಿರುಗಿ. ಇಷ್ಟು ಹೊತ್ತು ನೋಡಿದ್ದೀರಿ, ಸಾಕು.

ಹಿಂದೆ ನೀರು ಕಲಕಿತು.

ಒಂದು ಸಲ. ಆಮೇಲೆ ಏನೂ ಇಲ್ಲ. ಆಮೇಲೆ ಇನ್ನೊಂದು ಸಲ, ಈ ಬಾರಿ ಹತ್ತಿರದಲ್ಲಿ.

"ಬಂದನಾ?" ಎಂದು ಕೇಳಿದೆ. ಕೇಳಬಾರದಿತ್ತು.

"ನನ್ನನ್ಯಾಕೆ ಕೇಳ್ತೀರಾ ತಾಯಿ," ಎಂದಳು ಬೋರಮ್ಮ. "ನಾನೂ ಬೆನ್ನು ತಿರುಗಿಸ್ಕಂಡೇ ನಿಂತಿವ್ನಿ."